ಗೇಫೀಲ್ಡ್‌ನಲ್ಲಿ ಒಂದು ಶನಿವಾರ

ಡಂಡೀ ನಗರದಿಂದ ಅಬರ್ಡೀನ್ ಕಡೆಗೆ ಹೊರಟ ರೈಲು ಊರಿನ ಹೊರವಲಯ ದಾಟುತ್ತಿದ್ದಂತೆ ಬಲಗಡೆಯ ಕಿಟಕಿಗಳ ತುಂಬ ಸಮುದ್ರ ಕಾಣತೊಡಗುತ್ತದೆ. ಕಾರ್ನೂಸ್ಟಿಯ ಗಾಲ್ಫ್ ಮೈದಾನಗಳು ಸರಿದುಹೋದ ಮೇಲೆ ಬರುವ ನಿಲ್ದಾಣ ಆರ್ಬ್ರೋತ್. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಆಂಗಸ್ ಪ್ರಾಂತ್ಯದಲ್ಲಿರುವ ಈ ಸಣ್ಣ ಪಟ್ಟಣವನ್ನು ಇತಿಹಾಸ ಬಲ್ಲವರು 1320ರ ಪತ್ರಕ್ಕಾಗಿ ನೆನೆಯುತ್ತಾರೆ. ಸ್ಕಾಟ್ಲೆಂಡ್ ಯಾರಿಗೂ ಅಧೀನವಲ್ಲವೆಂದು ಅಲ್ಲಿನ ಸರದಾರರು ಪೋಪರಿಗೆ ಬರೆದ ಪತ್ರ ಅದು. ಕೆಂಗಲ್ಲಿನ ಹಳೆಯ ಮಠದ ಅವಶೇಷಗಳನ್ನು ನಾನೂ ನೋಡಿದೆ, ಆದರೆ ಬೇಗನೆ ನೋಡಿ ಮುಗಿಸಿದೆ. ಮಧ್ಯಾಹ್ನ ಮೂರು ಗಂಟೆಗೆ ಗೇಫೀಲ್ಡ್ ಪಾರ್ಕ್‌ನಲ್ಲಿ ಫುಟ್ಬಾಲ್ ಪಂದ್ಯವಿತ್ತು, ನಾನು ಬಂದದ್ದೇ ಅದಕ್ಕಾಗಿ.

ಬಂದರಿನಿಂದ ಮೈದಾನಕ್ಕೆ ಕಡಲ ಬದಿಯಲ್ಲೇ ನಡೆದುಹೋಗಬಹುದು. ದಾರಿಯಲ್ಲಿ ಸಿಗುವ ಬಿಳಿಯ ಸಿಗ್ನಲ್ ಟವರ್ ಈಗ ವಸ್ತುಸಂಗ್ರಹಾಲಯವಾಗಿದೆ. 1811ರಲ್ಲಿ ಮೊದಲ ಬಾರಿ ಬೆಳಗಿದ ಬೆಲ್ ರಾಕ್ ದೀಪಸ್ತಂಭ ಇಲ್ಲಿಂದ ಸುಮಾರು ಹನ್ನೊಂದು ಮೈಲಿ ದೂರದಲ್ಲಿ, ಉಬ್ಬರದ ಹೊತ್ತಿಗೆ ನೀರಿನಡಿ ಮುಳುಗುವ ಬಂಡೆಯ ಮೇಲೆ ನಿಂತಿದೆ. ಅದನ್ನು ಕಾಯುವವರಿಗೆ ದಡದ ನೆಲೆಯಾಗಿದ್ದದ್ದು ಈ ಗೋಪುರ. ಆರ್ಬ್ರೋತ್ ತಂಡವನ್ನು ಅಭಿಮಾನಿಗಳು ‘ರೆಡ್ ಲಿಖ್ಟೀಸ್’ ಎಂದು ಕರೆಯುವುದೂ ದೀಪದಿಂದಲೇ. ದೋಣಿಗಳಿಗೆ ಬಂದರಿನ ದಾರಿ ತೋರುತ್ತಿದ್ದ ಕೆಂಪು ದೀಪ ಅದು. ಅಕ್ಕಪಕ್ಕದ ಅಂಗಡಿಗಳಲ್ಲಿ ಸ್ಮೋಕಿ ಮಾರುತ್ತಾರೆ. ಉಪ್ಪು ಹಾಕಿದ ಹ್ಯಾಡಕ್ ಮೀನುಗಳನ್ನು ಬಾಲಕ್ಕೆ ಬಾಲ ಕಟ್ಟಿ ಜೋಡಿಯಾಗಿ ತೂಗುಹಾಕಿ, ಕಟ್ಟಿಗೆಯ ಹೊಗೆಯಲ್ಲಿ ಬೇಯಿಸಿದ ತಿನಿಸಿದು. ಪಂದ್ಯಕ್ಕೆ ಹೋಗುವವರು ಮೊದಲು ಒಂದು ಸ್ಮೋಕಿ ತಿಂದೇ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಮೈದಾನದೊಳಗೆ ಸಿಗುವ ಮಾಂಸದ ಪೈ ಹೊಟ್ಟೆ ತುಂಬಿಸುತ್ತದೆ, ಅಷ್ಟೇ.

ಗೇಫೀಲ್ಡನ್ನು ಹೊರಗಿನಿಂದ ನೋಡಿದರೆ ಕ್ರೀಡಾಂಗಣವೆಂದು ಅನ್ನಿಸುವುದು ದೀಪದ ಕಂಬಗಳಿಂದ ಮಾತ್ರ. ಒಂದು ಬದಿಯಲ್ಲಿ ಕುಳಿತು ನೋಡುವ ಸ್ಟ್ಯಾಂಡ್ ಇದೆ. ಉಳಿದ ಮೂರು ಬದಿಗಳಲ್ಲಿ ಪ್ರೇಕ್ಷಕರು ನಿಂತೇ ಪಂದ್ಯ ನೋಡುವ ಕಾಂಕ್ರೀಟ್ ಮೆಟ್ಟಿಲುಗಳು, ಅಲ್ಲಲ್ಲಿ ತಗ್ಗಿನ ಸೂರುಗಳು. ಸುಮಾರು 6,600 ಜನ ಹಿಡಿಸುವ ಈ ಮೈದಾನದಲ್ಲಿ 1952ರಲ್ಲಿ ರೇಂಜರ್ಸ್ ವಿರುದ್ಧದ ಸ್ಕಾಟಿಷ್ ಕಪ್ ಪಂದ್ಯ ನೋಡಲು 13,510 ಜನ ಸೇರಿದ್ದರು ಎಂದರೆ ಅವರು ಹೇಗೆ ನಿಂತಿದ್ದಿರಬಹುದೆಂದು ಊಹಿಸುವುದು ಕಷ್ಟ. ಯುರೋಪಿನ ಹಿರಿಯ ಮಟ್ಟದ ಫುಟ್ಬಾಲ್ ಮೈದಾನಗಳಲ್ಲಿ ಸಮುದ್ರಕ್ಕೆ ಅತ್ಯಂತ ಹತ್ತಿರದ್ದು ಇದೇ ಎನ್ನುತ್ತಾರೆ. ಗೋಡೆಯಾಚೆ ಒಂದು ಕಾಲುದಾರಿ, ಅದರಾಚೆ ನೀರು. ಉಬ್ಬರದ ಗೆರೆಗೂ ಮೈದಾನಕ್ಕೂ ಐದಾರು ಗಜಗಳ ಅಂತರವಷ್ಟೇ. ಚಳಿಗಾಲದ ಬಿರುಗಾಳಿಯಲ್ಲಿ ಅಲೆಗಳು ಗೋಡೆ ಹಾರಿ ಮೆಟ್ಟಿಲುಗಳ ಮೇಲೆ ಬಂದು ಬೀಳುವುದುಂಟು.

ನಾನು ಹೋದ ದಿನ ಬಿರುಗಾಳಿಯೇನೂ ಇರಲಿಲ್ಲ, ಸ್ಥಳೀಯರ ಪ್ರಕಾರ ಅದು ‘ತಿಳಿಗಾಳಿ’. ಆದರೂ ಮೊದಲಾರ್ಧದಲ್ಲಿ ಎದುರಾಳಿ ಗೋಲ್‌ಕೀಪರ್ ಎತ್ತರಕ್ಕೆ ಒದ್ದ ಚೆಂಡು ನಡುಗೆರೆ ದಾಟುವ ಮೊದಲೇ ದಾರ ಕಡಿದ ಗಾಳಿಪಟದಂತೆ ಓಲಾಡಿ, ಒದ್ದವನ ಕಡೆಗೇ ಮರಳತೊಡಗಿತು. ಮನೆಯ ತಂಡದವರು ಚೆಂಡನ್ನು ನೆಲ ಬಿಡಿಸಲೇ ಇಲ್ಲ. ಚಿಕ್ಕ ಪಾಸುಗಳು, ಬದಿಗೆರೆಯುದ್ದಕ್ಕೂ ಓಟ, ದೂರದಿಂದ ನೆಲಮಟ್ಟದ ಹೊಡೆತ. ಟಾಸ್ ಗೆದ್ದ ನಾಯಕ ಯಾವ ಬದಿ ಆರಿಸಿಕೊಳ್ಳುತ್ತಾನೆಂಬ ಕುತೂಹಲಕ್ಕೆ ಇಲ್ಲಿ ನಿಜವಾದ ಅರ್ಥವಿದೆ. ವಿರಾಮದಲ್ಲಿ ಪ್ರೇಕ್ಷಕರೂ ಮೆಟ್ಟಿಲುಗಳ ಗುಂಟ ಸುತ್ತಿಬಂದು, ತಮ್ಮ ತಂಡ ಗೋಲು ಹೊಡೆಯಬೇಕಾದ ಇನ್ನೊಂದು ತುದಿಗೆ ಸೇರಿಕೊಂಡರು. ದೊಡ್ಡ ಕ್ಲಬ್ಬುಗಳಲ್ಲಿ ಟಿಕೆಟ್ಟಿನ ಕುರ್ಚಿಗೆ ಅಂಟಿಕೊಂಡೇ ಪಂದ್ಯ ನೋಡಿದ್ದ ನನಗೆ ಈ ಸ್ವಾತಂತ್ರ್ಯ ಬಹಳ ಹಿಡಿಸಿತು.

1878ರಲ್ಲಿ ಹುಟ್ಟಿದ ಈ ಕ್ಲಬ್ಬಿನ ಹೆಸರು ದಾಖಲೆ ಪುಸ್ತಕಗಳಲ್ಲಿ ಉಳಿದಿರುವುದು ಒಂದೇ ಮಧ್ಯಾಹ್ನದ ಕಾರಣಕ್ಕೆ. 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್ ಪಂದ್ಯದಲ್ಲಿ ಆರ್ಬ್ರೋತ್ ತಂಡವು ಅಬರ್ಡೀನ್‌ನ ಬಾನ್ ಅಕಾರ್ಡ್ ತಂಡವನ್ನು 36–0 ಅಂತರದಿಂದ ಸೋಲಿಸಿತು. ಜಾಕಿ ಪೆಟ್ರಿ ಎಂಬ ಹದಿಹರೆಯದ ಆಟಗಾರನೊಬ್ಬನೇ 13 ಗೋಲು ಹೊಡೆದ. ಮಾಡಲು ಕೆಲಸವಿಲ್ಲದ ಆರ್ಬ್ರೋತ್ ಗೋಲ್‌ಕೀಪರ್ ಮಳೆಯಲ್ಲಿ ಪ್ರೇಕ್ಷಕನೊಬ್ಬನ ಕೊಡೆಯಡಿ ನಿಂತಿದ್ದನೆಂಬ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಅದೇ ದಿನ ಡಂಡೀ ಹಾರ್ಪ್ ತಂಡ ಅಬರ್ಡೀನ್ ರೋವರ್ಸ್ ತಂಡವನ್ನು 35–0 ಅಂತರದಿಂದ ಸೋಲಿಸಿತ್ತು. ಪಾಪ, ಬೇರೆ ಯಾವ ದಿನವಾದರೂ ಅವರ ಹೆಸರೇ ಉಳಿಯುತ್ತಿತ್ತು. ಮೈದಾನ 1925ರಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದಿರುವುದರಿಂದ ಆ ಗೋಲುಗಳು ಬಿದ್ದ ನೆಲ ಇಂದಿನ ಆಟದ ನೆಲವೇ ಅಲ್ಲ.

ಈ ಕಥೆ ಹೊರಗಿನವರಿಗೆ ಪ್ರಿಯವಾದದ್ದು. ನನ್ನ ಪಕ್ಕ ನಿಂತಿದ್ದ, ಕಡುಗೆಂಪು ಶಾಲು ಸುತ್ತಿಕೊಂಡಿದ್ದ ವೃದ್ಧರು ಅದನ್ನು ಎರಡು ಮಾತಿನಲ್ಲಿ ಮುಗಿಸಿ, 2022ರ ಬಗ್ಗೆ ಹೇಳತೊಡಗಿದರು. ದಿನವೆಲ್ಲ ಬೇರೆ ಉದ್ಯೋಗ ಮಾಡಿ ಸಂಜೆ ಅಭ್ಯಾಸಕ್ಕೆ ಬರುವ ಆಟಗಾರರ ಈ ತಂಡ, ಡಿಕ್ ಕ್ಯಾಂಪ್‌ಬೆಲ್ ಎಂಬ ಹಿರಿಯ ಮ್ಯಾನೇಜರ್ ಕೈಕೆಳಗೆ, ಪೂರ್ಣಾವಧಿ ವೃತ್ತಿಪರರ ತಂಡಗಳನ್ನು ಹಿಂದಿಕ್ಕಿ ದೇಶದ ಅತ್ಯುನ್ನತ ಲೀಗಿನ ಹೊಸ್ತಿಲಿಗೆ ಬಂದು ನಿಂತಿತ್ತು. ಏಪ್ರಿಲ್‌ನಲ್ಲಿ ಕಿಲ್ಮಾರ್ನಾಕ್ ಊರಿಗೆ ಹೋಗಿ, ಮುನ್ನಡೆ ಸಾಧಿಸಿಯೂ, ಕೊನೆಯ ನಿಮಿಷಗಳಲ್ಲಿ 2–1ರಿಂದ ಸೋತು ಎರಡನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಆಮೇಲೆ, ಮೇಲಿನ ಲೀಗಿಗೆ ಏರಲು ಉಳಿದ ಕೊನೆಯ ಅವಕಾಶವಾದ ಪ್ಲೇ ಆಫ್‌ನಲ್ಲಿ ಇದೇ ಗೇಫೀಲ್ಡ್‌ನಲ್ಲಿ, ಒಂಬತ್ತೇ ಆಟಗಾರರು ಉಳಿದಿದ್ದ ಇನ್ವರ್ನೆಸ್ ತಂಡದೆದುರು ಪೆನಾಲ್ಟಿಗಳಲ್ಲಿ ಸೋಲಾಯಿತು. ಮೂವತ್ತಾರು ಗೋಲುಗಳಿಗಿಂತ ಆ ಒಂದು ಋತು ಊರಿನ ದೊಡ್ಡ ಸಾಧನೆಯೆಂದು ನನಗೂ ಅನ್ನಿಸಿತು. ಅಂದು ಎದುರಿಗಿದ್ದವರು ದುರ್ಬಲರಲ್ಲ.

ಮೇಲಿನ ಲೀಗಿಗೆ ಹೋಗಿದ್ದರೆ ಮೈದಾನದ ನೆಲದಡಿ ಹಿಮ ಕರಗಿಸುವ ಬಿಸಿ ಕೊಳವೆಗಳನ್ನು ಹಾಕಿಸಬೇಕಾಗುತ್ತಿತ್ತಲ್ಲವೇ ಎಂದು ಕೇಳಿದೆ. ವೃದ್ಧರು ನಕ್ಕರು. “ಹಾಕಿಸಲಿ ಬಿಡಿ, ಕಾಲಾದರೂ ಬೆಚ್ಚಗಿರುತ್ತಿತ್ತು. ಗಾಳಿಯನ್ನು ಮಾತ್ರ ಯಾವ ಲೀಗಿನವರೂ ನಿಲ್ಲಿಸಲಾರರು,” ಎಂದು ಹೇಳಿ, ರೆಫರಿ ಕೊಡದ ಫ್ರೀಕಿಕ್ಕೊಂದಕ್ಕಾಗಿ ಕೂಗಲು ಆಟದ ಕಡೆ ತಿರುಗಿದರು.