ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಪಿಕಪ್ ಜಾಸ್ತಿ ಆಗುತ್ತಾ? ವರ್ಕ್‌ಶಾಪ್‌ನಲ್ಲಿ ನಾನು ಕಂಡದ್ದು

ಕಾರ್ ಸರ್ವಿಸ್ ಕೆಲಸದಲ್ಲಿ ಇರುವವರಿಗೆ ಈ ಪ್ರಶ್ನೆ ತಪ್ಪುವುದಿಲ್ಲ. "ಸಾರ್, ಹೈ ಆಕ್ಟೇನ್ ಪ್ರೀಮಿಯಂ ಹಾಕಿಸಿದರೆ ಗಾಡಿ ಚೆನ್ನಾಗಿ ಎಳೆಯುತ್ತಂತೆ, ಹೌದಾ?" ಹೌದು, ಇಲ್ಲ ಅನ್ನುವ ಮುಂಚೆ ನಾನು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಒಳಗೆ ಅಂಟಿಸಿರುವ ಚೀಟಿ ಓದುತ್ತೇನೆ. ಎಷ್ಟು ಆಕ್ಟೇನ್ ಬೇಕು ಅಂತ ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ಇಲ್ಲದಿದ್ದರೆ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇದ್ದೇ ಇರುತ್ತದೆ.

ಆಕ್ಟೇನ್ ಜಾಸ್ತಿ ಇದ್ದರೆ ಪೆಟ್ರೋಲಿಗೆ ಶಕ್ತಿ ಜಾಸ್ತಿ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಎಥನಾಲನ್ನೇ ನೋಡಿ. ಅದರ ಆಕ್ಟೇನ್ 100 ದಾಟುತ್ತದೆ, ಆದರೆ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆಕ್ಟೇನ್ ಹೇಳುವುದು ಬೇರೆ ವಿಷಯ: ಒತ್ತಿ ಬಿಸಿ ಮಾಡಿದಾಗ ಪೆಟ್ರೋಲು ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅಂತ. ಐಸೋ ಆಕ್ಟೇನ್‌ಗೆ 100, ಹೆಪ್ಟೇನ್‌ಗೆ 0 ಅಂತ ಇಟ್ಟುಕೊಂಡು, ಕಂಪ್ರೆಷನ್ (ಸಿಲಿಂಡರಿನೊಳಗೆ ಪೆಟ್ರೋಲು-ಗಾಳಿ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಅನ್ನುವುದು) ಹೆಚ್ಚು ಕಡಿಮೆ ಮಾಡಲು ಬರುವ ಒಂದೇ ಸಿಲಿಂಡರಿನ ಎಂಜಿನ್‌ನಲ್ಲಿ ಇದನ್ನು ಅಳೆಯುತ್ತಾರೆ. ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್) ಅನ್ನುವುದು 600 ಆರ್‌ಪಿಎಂನಲ್ಲಿ ಅಳೆದದ್ದು, ಎಂಒಎನ್ (ಮೋಟಾರ್ ಆಕ್ಟೇನ್ ನಂಬರ್) 900 ಆರ್‌ಪಿಎಂನಲ್ಲಿ. ಅಮೆರಿಕದ ಬಂಕ್‌ಗಳಲ್ಲಿ ಎರಡರ ಸರಾಸರಿ ಬರೆಯುತ್ತಾರೆ. ಹಾಗಾಗಿ ಅಲ್ಲಿಯ 91 ಅಂದರೆ ಆರ್‌ಒಎನ್ ಲೆಕ್ಕದಲ್ಲಿ ಹೆಚ್ಚುಕಮ್ಮಿ 95. ವಿದೇಶದ ವಿಡಿಯೋ ನೋಡಿ ನಂಬರ್ ಹೋಲಿಸುವವರು ಎಡವುವುದು ಇಲ್ಲೇ.

ತಡೆದುಕೊಳ್ಳದಿದ್ದರೆ ಏನಾಗುತ್ತದೆ? ಸ್ಪಾರ್ಕಿನ ಬೆಂಕಿ ತಲುಪುವ ಮುಂಚೆಯೇ ಮೂಲೆಯಲ್ಲಿ ಉಳಿದ ಪೆಟ್ರೋಲು ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಅಲುಗಾಡಿಸಿದ ಹಾಗೆ ಸದ್ದು ಕೇಳುತ್ತದೆ. ಅದೇ ನಾಕಿಂಗ್. ಈಗಿನ ಗಾಡಿಗಳಲ್ಲಿ ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿದ ಒಂದು ನಾಕ್ ಸೆನ್ಸರ್ ಈ ಅದುರುವಿಕೆಯನ್ನು ಹಿಡಿಯುತ್ತದೆ. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ತಕ್ಷಣ ಸ್ಪಾರ್ಕನ್ನು ಕೆಲವು ಡಿಗ್ರಿ ತಡವಾಗಿ ಕೊಡುತ್ತದೆ. ಎಂಜಿನ್ ಉಳಿಯಿತು, ಆದರೆ ಪವರ್ ಸ್ವಲ್ಪ ಹೋಯಿತು. ಪ್ರೀಮಿಯಂ ಪೆಟ್ರೋಲ್ ವಾಪಸ್ ಕೊಡುವುದು ಹೀಗೆ ಹೋದ ಪವರ್ ಅನ್ನು ಮಾತ್ರ. ಹೋಗದೇ ಇದ್ದದ್ದನ್ನು ಎಲ್ಲಿಂದ ತರುವುದು, ಅಲ್ವಾ?

ಇದನ್ನು ಕಣ್ಣಲ್ಲೇ ನೋಡಬಹುದು. ಇಸಿಯು ಅಂಕಿಗಳನ್ನು ತೋರಿಸುವ ಸ್ಕ್ಯಾನರ್ ಹಾಕಿಕೊಂಡು ಏರು ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ, ಪಕ್ಕದಲ್ಲಿ ಕೂತವರು ನಾಕ್ ರಿಟಾರ್ಡ್ (ನಾಕಿಂಗ್‌ನಿಂದಾಗಿ ಸ್ಪಾರ್ಕ್ ಎಷ್ಟು ಡಿಗ್ರಿ ತಡವಾಯಿತು) ಅನ್ನುವ ಸಾಲು ನೋಡಬೇಕು. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಇಲ್ಲದ, ಕಂಪ್ರೆಷನ್ 10ರ ಆಸುಪಾಸು ಇರುವ ಸಾದಾ ಎಂಜಿನ್ ಆದರೆ, ಸಾದಾ ಪೆಟ್ರೋಲಿನಲ್ಲೂ ಆ ಅಂಕಿ ಸೊನ್ನೆ ಬಿಟ್ಟು ಹೆಚ್ಚು ಕದಲುವುದಿಲ್ಲ. ಅಂಥ ಗಾಡಿಗೆ ಪ್ರೀಮಿಯಂ ಸುಮ್ನೆ ಖರ್ಚು. ಆರ್‌ಒಎನ್ 98 ಕೇಳುವ ಟರ್ಬೊ ಗಾಡಿಗೆ 91 ಹಾಕಿದ್ದರೆ ಕಥೆಯೇ ಬೇರೆ. ಲೋಡ್ ಬಿದ್ದ ಕೂಡಲೇ ಟೈಮಿಂಗ್ (ಸ್ಪಾರ್ಕ್ ಕೊಡುವ ಹೊತ್ತು) ಹಿಂದೆ ಸರಿಯುತ್ತದೆ, ಓಡಿಸುವವರಿಗೂ ಗಾಡಿ ಭಾರ ಅನ್ನಿಸುತ್ತದೆ.

ಹಾಗಾದರೆ ಪ್ರೀಮಿಯಂನಿಂದ ಗುಣ ಕಾಣುವ ಗಾಡಿಗಳಲ್ಲಿ ಲಾಭ ಎಷ್ಟು? ಪ್ರೀಮಿಯಂ ಬೇಕೇಬೇಕು ಅನ್ನದೆ, ಹಾಕಿದರೆ ಒಳ್ಳೆಯದು ಅಂತ ಕಂಪನಿಯೇ ಹೇಳಿದ ಕೆಲವು ಕಾರುಗಳನ್ನು ಅಮೆರಿಕದ ವಾಹನ ಸವಾರರ ಸಂಘ ಎಎಎ 2017ರಲ್ಲಿ ಪರೀಕ್ಷೆ ಮಾಡಿತ್ತು. ಮೈಲೇಜ್ ಸರಾಸರಿ 2.7%, ಪವರ್ 1.4% ಏರಿತ್ತು. ಸೀಟಿನಲ್ಲಿ ಕೂತು 1.4% ಗುರುತಿಸುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ. ಇನ್ನು ಬಂಕಿನಿಂದ ಹೊರಬಂದ ಕೂಡಲೇ ಪಿಕಪ್ ಬಂತು ಅನ್ನುವವರೂ ಇದ್ದಾರೆ. ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಉಳಿದಿರುತ್ತದೆ, ಇಸಿಯು ಕೂಡ ಟೈಮಿಂಗ್ ಅನ್ನು ನಿಧಾನವಾಗಿ ಮುಂದೆ ತರುತ್ತದೆ. ಸರ್ವಿಸ್ ಮಾಡಿಸಿ, ಟೈರಿಗೆ ಗಾಳಿ ತುಂಬಿಸಿ, ಅದೇ ದಿನ ಪ್ರೀಮಿಯಂ ಹಾಕಿಸಿದರೆ ಹೆಸರು ಪೆಟ್ರೋಲಿಗೇ ಬರುತ್ತದೆ.

ನನ್ನ ಕೆಲಸದ ರೀತಿ ಬದಲಾದದ್ದು ಮಾತ್ರ ಇದಕ್ಕೆ ಉಲ್ಟಾ ಇದ್ದ ಒಂದು ಗಾಡಿಯಿಂದ. ಸಾದಾ ಎಂಜಿನ್, ಚೀಟಿಯಲ್ಲಿ ಸಾದಾ ಪೆಟ್ರೋಲು. ಆದರೆ ಪ್ರೀಮಿಯಂ ಹಾಕಿದಾಗ ಮಾತ್ರ ಏರಿನಲ್ಲಿ ನಾಕಿಂಗ್ ಸದ್ದು ನಿಲ್ಲುತ್ತದೆ ಅಂತ ಗಾಡಿಯ ಓನರ್ ಹಟ. "ಅದು ಅವರ ಭ್ರಮೆ ಬಿಡಪ್ಪ" ಅಂದರು ಶಾಪಿನಲ್ಲಿ. ನಮ್ಮ ಹಿರಿಯ ಮೆಕ್ಯಾನಿಕ್ ಒಬ್ಬರು ಹಾಗನ್ನಲಿಲ್ಲ. "ಬೇಡದ ಗಾಡಿಗೆ ಪ್ರೀಮಿಯಂ ಯಾಕೆ ಬೇಕಾಯಿತು, ಅದನ್ನು ನೋಡು" ಅಂದರು. ಸಾದಾ ಪೆಟ್ರೋಲಿನಲ್ಲಿ ಏರು ಹತ್ತಿಸಿದೆವು. ರಿಟಾರ್ಡ್ ನಿಜವಾಗಿಯೂ ಏರುತ್ತಿತ್ತು. ಅದೇ ಪರದೆಯಲ್ಲಿ ಕೂಲಂಟ್ ಟೆಂಪರೇಚರ್ ಕೂಡ ಇರಬೇಕಾದ್ದಕ್ಕಿಂತ ಮೇಲೆ ಹೋಗುತ್ತಿತ್ತು, ಮೀಟರಿನ ಮುಳ್ಳು ಮಾತ್ರ ಮಧ್ಯದಲ್ಲೇ ಕೂತಿತ್ತು. ಬಿಚ್ಚಿ ನೋಡಿದರೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿರಲಿಲ್ಲ, ಎಂಜಿನ್ ಬಿಸಿ ಏರಿ ನಾಕ್ ಮಾಡುತ್ತಿತ್ತು. ಹೊಸದು ಹಾಕಿದ ಮೇಲೆ ಅದೇ ಏರು, ಅದೇ ಸಾದಾ ಪೆಟ್ರೋಲು, ಸದ್ದಿಲ್ಲ.

ಆಮೇಲೆ ಯಾರಾದರೂ ಸಾದಾ ಗಾಡಿಗೆ ಪ್ರೀಮಿಯಂನಿಂದ ಗುಣ ಕಂಡಿತು ಅಂದರೆ ನಾನು ವಾದ ಮಾಡುವುದಿಲ್ಲ. ಅದನ್ನು ಕಂಪ್ಲೇಂಟ್ ಅಂತಲೇ ಜಾಬ್ ಕಾರ್ಡಿನಲ್ಲಿ ಬರೆಯುತ್ತೇನೆ. ಕೂಲಿಂಗ್, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ), ತಪ್ಪು ಹೀಟ್ ರೇಂಜಿನ ಪ್ಲಗ್, ಪಿಸ್ಟನ್ ತಲೆಯ ಮೇಲಿನ ಕಾರ್ಬನ್, ಇಷ್ಟನ್ನು ನೋಡಿಯೇ ಗಾಡಿ ಹೊರಗೆ ಬಿಡುವುದು. ಕಾರ್ಬನ್ ಕೂತರೆ ಜಾಗ ಕಿರಿದಾಗಿ ಕಂಪ್ರೆಷನ್ ಏರುತ್ತದೆ, ಹಳೆಯ ಗಾಡಿ ಜಾಸ್ತಿ ಆಕ್ಟೇನ್ ಕೇಳಲು ಶುರು ಮಾಡುತ್ತದೆ. ಪ್ರೀಮಿಯಂ ಹಾಕಿದರೆ ಸದ್ದು ಅಡಗಬಹುದು, ರೋಗ ಒಳಗೇ ಇರುತ್ತದೆ.

"ಪ್ರೀಮಿಯಂ ಎಂಜಿನ್ ಕ್ಲೀನ್ ಮಾಡುತ್ತಲ್ಲ?" ಅನ್ನುವುದು ಮುಂದಿನ ಪ್ರಶ್ನೆ. ಕ್ಲೀನ್ ಮಾಡುವುದು ಅದರಲ್ಲಿ ಬೆರೆಸಿದ ಡಿಟರ್ಜೆಂಟ್, ಆಕ್ಟೇನ್ ಅಲ್ಲ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಪೆಟ್ರೋಲು ನೇರ ಸಿಲಿಂಡರಿಗೆ ಹೋಗುತ್ತದೆ, ಇನ್‌ಟೇಕ್ ವಾಲ್ವಿನ ಬೆನ್ನಿಗೆ ತಾಗುವುದೇ ಇಲ್ಲ. ಬೋರೋಸ್ಕೋಪ್ (ತೆಳು ಕೊಳವೆಯ ಕ್ಯಾಮೆರಾ) ಇಳಿಸಿದರೆ ಅಲ್ಲಿ ಕಪ್ಪು ಹಕ್ಕಳೆ ಕಟ್ಟಿರುವುದು ಕಾಣುತ್ತದೆ. ಯಾವ ದುಬಾರಿ ಪೆಟ್ರೋಲೂ ಅದನ್ನು ತೊಳೆಯಲಾರದು.

ಹೈ ಆಕ್ಟೇನ್ ಕಡ್ಡಾಯ ಅಂತ ಬರೆದ ಗಾಡಿ ನಿಮ್ಮದಾಗಿದ್ದು, ದಾರಿಯಲ್ಲಿ ಅದು ಸಿಗದಿದ್ದರೆ ಬೇರೆ ಲೆಕ್ಕ. ಮುಂದಿನ ಬಂಕ್ ತಲುಪುವಷ್ಟು ಮಾತ್ರ ಸಾದಾ ಹಾಕಿಸಿ. ಟಾಪ್ ಗೇರ್‌ನಲ್ಲಿ ಕಡಿಮೆ ಆರ್‌ಪಿಎಂ ಇರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ, ಏರಿನಲ್ಲಿ ಗೇರ್ ಇಳಿಸಿ. ಸಿಕ್ಕ ಕೂಡಲೇ ಸರಿಯಾದದ್ದು ತುಂಬಿಸಿ.