ಗೌರಿಯ ಹಿಂದಿನ ಎಡಗಾಲು ಕೊನೆಗೂ ಕೈಗೆ ಬಂತು

ನಿನ್ನೆ ಸಂಜೆ ನನ್ನ ಕುದುರೆ ಗೌರಿ ಹಿಂದಿನ ಎಡಗಾಲು ನನ್ನ ಕೈಗೆ ಕೊಟ್ಟು ಆರಾಮಾಗಿ ನಿಂತಳು. ಟ್ವಿಚ್ (ಅಲುಗಾಡದಂತೆ ಮೂತಿಗೆ ಬಿಗಿಯುವ ಹಗ್ಗ) ಹಾಕಿರಲಿಲ್ಲ, ಗೂಟಕ್ಕೆ ಕಟ್ಟಿರಲಿಲ್ಲ, ಕುದುರೆ ನೋಡಿಕೊಳ್ಳುವ ಸೈಸ್ ಕೈಯಲ್ಲಿದ್ದ ಲೀಡ್ ರೋಪ್ ಸಡಿಲವಾಗಿ ಜೋತಾಡುತ್ತಿತ್ತು. ಗೊರಸಿನ ಅಡಿಯ ಮೆತ್ತನೆ ತ್ರಿಕೋನ ಭಾಗವಾದ ಫ್ರಾಗ್ ಪಕ್ಕದ ಸಂದಿಯಲ್ಲಿ ಸೇರಿಕೊಂಡಿದ್ದ ಕಪ್ಪು ಕೊಳೆಯನ್ನೆಲ್ಲ ಕೆರೆದು ತೆಗೆದೆ. ಆ ಗಬ್ಬು ವಾಸನೆ ನನಗೆ ನಿನ್ನೆ ಸುಗಂಧದ ಹಾಗಿತ್ತು!

ರೇಸಿನಿಂದ ನಿವೃತ್ತಳಾಗಿ ಬಂದ ಥರೋಬ್ರೆಡ್ (ರೇಸ್ ಕುದುರೆಯ ತಳಿ) ಹೆಣ್ಣು ಇವಳು. ತಲೆಗೆ ಹೆಡ್ ಕಾಲರ್ ತೊಡಿಸುವುದು, ಜೊತೆಗೆ ನಡೆಯುವುದು, ಹಿಂದಕ್ಕೆ ಸರಿಯುವುದು, ಮುಂಗಾಲು ಎತ್ತುವುದು ಎಲ್ಲ ಸಲೀಸಾಗಿ ಆಯಿತು. ಆದರೆ ಈ ಒಂದು ಕಾಲು ಮುಟ್ಟಿದರೆ ಸಾಕು, ಕಿತ್ತುಕೊಂಡು ಪಕ್ಕಕ್ಕೆ ಝಾಡಿಸುತ್ತಿದ್ದಳು. ಲಾಳ ಹೊಡೆಯುವವರು "ಮೂತಿಗೆ ಹಗ್ಗ ಬಿಗಿಯೋಣ, ಐದು ನಿಮಿಷದ ಕೆಲಸ" ಅಂದರು. ನಾನು ಒಪ್ಪಲಿಲ್ಲ. ಹಾಗೆಂದು ಮುಂದೂಡುವಂತೆಯೂ ಇಲ್ಲ: ಗೊರಸು ತಿಂಗಳಿಗೆ 6ರಿಂದ 10 ಮಿ.ಮೀ. ಬೆಳೆಯುತ್ತದೆ, ಮೇಲಾಗಿ ಈ ಮಳೆಯಲ್ಲಿ ಥ್ರಷ್ (ಗೊರಸಿನ ಅಡಿ ಕೊಳೆಯುವ ರೋಗ) ಕಾದು ಕೂರುವುದಿಲ್ಲ.

ಪಶುವೈದ್ಯರು ಬಂದು ಕಾಲು ಮಡಚಿ ನೋಡಿದಾಗ ಗಂಟು ಬಿಚ್ಚಿತು. ಹಿಂಗಾಲಿನ ನಡುವಿನ ಹಾಕ್ ಕೀಲು ಬಿಗಿ ಹಿಡಿದಿದೆ. ಕುದುರೆಯ ಹಿಂಗಾಲಲ್ಲಿ ಮೇಲಿನ ಸ್ಟೈಫಲ್ ಕೀಲು (ನಮ್ಮ ಮಂಡಿಯ ಹಾಗೆ) ಮಡಚಿದರೆ ಹಾಕ್ ತಾನಾಗಿಯೇ ಮಡಚುತ್ತದೆ, ಒಂದನ್ನು ಬಿಟ್ಟು ಇನ್ನೊಂದು ಮಡಚದು. ಅಂದಮೇಲೆ ಕಾಲನ್ನು ಎತ್ತರಕ್ಕೆ ಎತ್ತಿ ಹೊರಗೆಳೆದರೆ ನೋವೂ ಹೌದು, ಆಯ ತಪ್ಪುವುದೂ ಹೌದು. ಇವಳದು ಹಟ ಅಲ್ಲವೇ ಅಲ್ಲ.

ಅಲ್ಲಿಂದ ಎತ್ತುವ ಮಾತೇ ಬಿಟ್ಟೆ. ಮೊದಲು ಕತ್ತು ಬೆನ್ನು ಸೇರುವ ದಿಬ್ಬವಾದ ವಿದರ್ಸ್ ಹತ್ತಿರ ಬೆರಳಾಡಿಸುವುದು (ಅಲ್ಲಿ ಕೆರೆದರೆ ಕುದುರೆಯ ಎದೆಬಡಿತ ಇಳಿಯುತ್ತದೆ ಎಂದು 1993ರಲ್ಲೇ ಅಳೆದು ತೋರಿಸಿದ್ದಾರೆ), ಅಂಗೈ ತೆಗೆಯದೆ ಬೆನ್ನು, ತೊಡೆ ದಾಟಿ ಹಾಕ್‌ವರೆಗೆ ಇಳಿಯುವುದು. ಅವಳು ಭಾರವನ್ನು ಬಲಗಾಲಿಗೆ ಹಾಕಿದ ಕೂಡಲೇ ಕೈ ತೆಗೆದು ದೂರ ಸರಿಯುವುದು. ಆ ದಿನದ ಪಾಠ ಅಷ್ಟೇ. ಅದು ಗಟ್ಟಿಯಾದ ಮೇಲೆ ಗೊರಸಿನ ತುದಿ, ಆಮೇಲೆ ನೆಲದಿಂದ ಗೇಣೆತ್ತರ, ಅದೂ ಹೊಟ್ಟೆಯ ಕೆಳಗೇ, ಹೊರಕ್ಕೆ ಎಳೆಯದೆ.

ಇಡೀ ಗುಟ್ಟು ಇರುವುದು ಕೆಳಗಿಡುವ ಹೊತ್ತಿನಲ್ಲಿ. ಕಾಲು ಕಿತ್ತುಕೊಳ್ಳುವ ಮುಂಚೆ ಅವಳ ತೊಡೆಯ ಹಿಂಬದಿಯಲ್ಲಿ ಒಂದು ಸಣ್ಣ ಅದುರು ಓಡುತ್ತದೆ, ಮೂಗಿನ ಹೊಳ್ಳೆಯ ಮೇಲೆ ಗೆರೆ ಬೀಳುತ್ತದೆ. ಆ ಅದುರಿಗೂ ಮೊದಲೇ ನಾನಾಗಿ ಕಾಲನ್ನು ನೆಲ ಮುಟ್ಟಿಸಬೇಕು, ಮೆತ್ತಗೆ, ಎತ್ತಿಹಾಕದೆ. ಕೇಳುವ ಮುಂಚೆಯೇ ಇವನು ಬಿಡುತ್ತಾನೆ ಎಂಬುದು ತಿಳಿದ ಮೇಲೆ ಅವಳಿಗೆ ಕಿತ್ತುಕೊಳ್ಳುವ ಅಗತ್ಯವೇ ಬರಲಿಲ್ಲ. ನಿನ್ನೆಯಂತೂ ನಾನು ಬಗ್ಗುತ್ತಿದ್ದಂತೆ ತಾನೇ ಗೊರಸಿನ ತುದಿ ಊರಿಕೊಂಡಳು. ನನಗೆ ಕಣ್ಣು ತುಂಬಿ ಬಂತು.

ಇನ್ನು ಸಾಮಾನು ಕಳಿಸುವವರ ಕಥೆ. ಗೊರಸಿನ ಅರ ಆರ್ಡರ್ ಮಾಡಿದರೆ ಬಡಗಿಯ ಅರ ಬಂದಿದೆ! ವಾಪಸ್ ತಗೊಳ್ಳಿ ಅಂದರೆ "ಎರಡೂ ಒಂದೇ ಸಾರ್" ಅನ್ನುತ್ತಾರೆ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಒಣಗಿಸಿ ಕೊಡುವವರು ಮೂಟೆಯ ಮೇಲೆ ಹಸಿರು ತೋರಿಸಿ ತಳದಲ್ಲಿ ಬೂಷ್ಟು ಹಿಡಿದದ್ದು ತುಂಬಿದ್ದರು. ಅದನ್ನು ತಿಂದು ಹೊಟ್ಟೆ ಹಿಡಿದುಕೊಂಡರೆ ರಾತ್ರಿಯೆಲ್ಲ ಕುದುರೆ ಜೊತೆ ಒದ್ದಾಡುವವರು ಯಾರು? ಪ್ರತಿ ಮೂಟೆಯನ್ನೂ ತಳದವರೆಗೆ ಸುರಿದು ನೋಡಿ.

ಎಡಗಾಲು ಶಾಂತವಾದ್ದರಿಂದ ಲಾಂಗ್ ರೀನಿಂಗ್ ಆಸೆ ಚಿಗುರಿದೆ. ಎರಡು ಉದ್ದ ಲಗಾಮು ಹಿಡಿದು ಹಿಂದಿನಿಂದ ನಡೆಸುವಾಗ ಹಗ್ಗ ತೊಡೆಗೆ, ಹಾಕ್‌ಗೆ ತಾಗುತ್ತಲೇ ಇರುತ್ತದೆ. ಮೊದಲಾಗಿದ್ದರೆ ಯೋಚಿಸುವಂತೆಯೂ ಇರಲಿಲ್ಲ. ಹತ್ತಿಯ ಪಟ್ಟಿ ತಂದಿದ್ದೇನೆ, ಎದೆಪಟ್ಟಿ ಹೊಲಿಯಲು ಚರ್ಮದ ಕೆಲಸದವರಿಗೆ ಅಳತೆ ಕೊಟ್ಟಾಗಿದೆ. ಮೊದಲು ಲಾಯದ ಅಂಗಳದಲ್ಲಿ, ಆಮೇಲೆ ಕೆರೆ ಏರಿಯ ಮೇಲೆ. ಅದಕ್ಕೂ ಮುಂಚೆ ಲಾಳದವರು ಬರುತ್ತಾರೆ. ಕಾಲನ್ನು ಗೇಣೆತ್ತರದಲ್ಲೇ ಹಿಡಿದು, ನಡುನಡುವೆ ಕೆಳಗಿಟ್ಟು ಕೆಲಸ ಮಾಡಲು ಒಪ್ಪಿದ್ದಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಕೂಲಿಯೂ ಹೆಚ್ಚು ಕೊಡುತ್ತೇನೆ.