‘ಜೇಬಿನಲ್ಲಿ ಫೋನ್ ಇರುವಾಗ ಆ ಹಳೆಯ ಡಬ್ಬಿ ಯಾಕೆ?’ ಎಂದು ಕೇಳುವವರಿಗೆ

ತುಮಕೂರಿನಿಂದ ಬೆಂಗಳೂರಿಗೆ ಪಾಸ್ ಇಟ್ಟುಕೊಂಡು ದಿನವೂ ರೈಲಿನಲ್ಲಿ ಓಡಾಡುವ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಟವಿದೆ. ಕೆಲವರು ಮೊಣಕಾಲುಗಳ ಮೇಲೆ ಬ್ಯಾಗನ್ನು ಅಡ್ಡವಿಟ್ಟು ಇಸ್ಪೀಟು ಹರಡುತ್ತಾರೆ. ಕೆಲವರು ಕ್ಯಾತ್ಸಂದ್ರ ದಾಟುವ ಮೊದಲೇ ನಿದ್ದೆಗೆ ಜಾರಿ, ಯಾರೂ ಎಬ್ಬಿಸದಿದ್ದರೂ ಯಶವಂತಪುರದಲ್ಲಿ ಸರಿಯಾಗಿ ಕಣ್ಣು ಬಿಡುತ್ತಾರೆ. ನಾನು ಎಡಬದಿಯ ಕಿಟಕಿಯ ಪಕ್ಕದ ಸೀಟು ಸಿಕ್ಕ ದಿನ ನೇರಳೆ ಬಣ್ಣದ ಒಂದು ಗೇಮ್ ಬಾಯ್ ಅಡ್ವಾನ್ಸ್, ಅಂದರೆ ಕೈಯಲ್ಲಿ ಹಿಡಿದು ವಿಡಿಯೊ ಗೇಮ್ ಆಡುವ ಹಳೆಯ ಯಂತ್ರ, ಹೊರತೆಗೆಯುತ್ತೇನೆ. ಎಡಬದಿಯೇ ಏಕೆಂದರೆ, ಆ ಯಂತ್ರದ ಪರದೆಗೆ ತನ್ನದೇ ಬೆಳಕಿಲ್ಲ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದರೆ ಮಾತ್ರ ಚಿತ್ರ ಕಾಣುತ್ತದೆ. ಸಂಜೆಯ ರೈಲಿನಲ್ಲಿ ಅದನ್ನು ಆಡುವ ಪ್ರಶ್ನೆಯೇ ಇಲ್ಲ.

ಇದನ್ನು ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಇಸ್ಪೀಟು ಗುಂಪಿನ ಹಿರಿಯರೊಬ್ಬರು ಅದನ್ನು ಕೇಳಿದ ರೀತಿಯೇ ಎಲ್ಲಕ್ಕಿಂತ ನೇರವಾಗಿತ್ತು: “ಅಲ್ಲ ಸಾರ್, ಜೇಬಲ್ಲಿ ಅಷ್ಟು ದೊಡ್ಡ ಫೋನ್ ಇಟ್ಕೊಂಡು, ಈ ಡಬ್ಬೀಲಿ ಏನ್ ಕಾಣ್ತೀರಾ?” ಆಗ ನಾನು ‘ಹಳೇ ಅಭ್ಯಾಸ ಸಾರ್’ ಎಂದು ನಕ್ಕು ಸುಮ್ಮನಾದೆ. ಅದು ಪೂರ್ತಿ ನಿಜವಾದ ಉತ್ತರವಾಗಿರಲಿಲ್ಲ. ನಿಜವಾದ ಉತ್ತರ ಇಷ್ಟು: ಈ ಆಟಗಳು ಮುಗಿಯುತ್ತವೆ.

ನನ್ನ ಫೋನಿನಲ್ಲಿಯೂ ಕತ್ತಿ, ಗುರಾಣಿ, ಮಾಂತ್ರಿಕರು ಇರುವ ಆಟಗಳನ್ನು ಹಾಕಿ ನೋಡಿದ್ದೇನೆ. ಚಿತ್ರಗಳು ಕಣ್ಣು ಕೋರೈಸುವಂತಿರುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಪುಕ್ಕಟೆಯಾಗಿ ಒಳಗೆ ಕರೆದು, ಆಮೇಲೆ ಹೆಜ್ಜೆಹೆಜ್ಜೆಗೂ ಕಾಸು ಕೇಳುವಂಥವು. ಆಡುವವನು ಎದ್ದು ಹೋದರೆ ಅಂಗಡಿಗೆ ನಷ್ಟವಾದ್ದರಿಂದ ಅವನು ಎಂದೂ ಏಳದಂತೆ ಕಟ್ಟಿದ್ದಾರೆ. ಯಂತ್ರಕ್ಕೆ ಸಿಕ್ಕಿಸುವ, ಒಂದೊಂದು ಆಟ ತುಂಬಿದ ಹಳೆಯ ಕ್ಯಾಟ್ರಿಡ್ಜ್‌ಗಳ ಲೆಕ್ಕವೇ ಬೇರೆ. ಒಮ್ಮೆ ಹಣ ಕೊಟ್ಟು ಕೊಂಡ ಮೇಲೆ ನಾವು ಅದನ್ನು ಹತ್ತು ಗಂಟೆ ಆಡಿದರೂ ನೂರು ಗಂಟೆ ಆಡಿದರೂ ಮಾಡಿದವರಿಗೆ ಒಂದೇ. ಹಾಗಾಗಿ ಅವರು ನಿಶ್ಚಿಂತೆಯಿಂದ ಒಂದು ಕಥೆಯನ್ನು ಶುರು ಮಾಡಿ, ಬೆಳೆಸಿ, ಮುಗಿಸಿ ನಮ್ಮನ್ನು ಕಳುಹಿಸಿಕೊಡಬಹುದಿತ್ತು.

ನಿಂಟೆಂಡೊ ಕಂಪನಿಯ ಮೊದಲ ಗೇಮ್ ಬಾಯ್ ಜಪಾನಿನಲ್ಲಿ 1989ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. 160 ಚುಕ್ಕಿ ಅಗಲ, 144 ಚುಕ್ಕಿ ಎತ್ತರದ ಪರದೆ. ಬಣ್ಣವಿಲ್ಲ, ಹಸಿರು ಛಾಯೆಯ ನಾಲ್ಕು ಹಂತಗಳು ಮಾತ್ರ. ಅದೇ ಕಾಲದ ಅಟಾರಿ ಲಿಂಕ್ಸ್ ಮತ್ತು ಮರುವರ್ಷದ ಸೆಗಾ ಗೇಮ್ ಗಿಯರ್ ಬಣ್ಣದ ಪರದೆ ತಂದವು, ಆದರೆ ಆರಾರು ಶೆಲ್ ನುಂಗಿ ನಾಲ್ಕೈದು ಗಂಟೆಯಲ್ಲಿ ಬಾಯಿ ಬಿಡುತ್ತಿದ್ದವು. ಗೇಮ್ ಬಾಯ್ ರೂಪಿಸಿದ ಗುನ್ಪೇಯಿ ಯೊಕೊಯಿ ಅವರ ನಂಬಿಕೆ, ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕಡೆ ಬಳಸಬೇಕು ಎಂಬುದಾಗಿತ್ತು. ಅವರ ಯಂತ್ರವೇ ಗೆದ್ದಿತು. 2001ರ ಗೇಮ್ ಬಾಯ್ ಅಡ್ವಾನ್ಸ್ ಕೂಡ ಅದೇ ಮನೆತನದ್ದು: ಎರಡು ಪೆನ್ಸಿಲ್ ಶೆಲ್‌ಗೆ ಸುಮಾರು 15 ಗಂಟೆ, ಅಂದರೆ ನನ್ನ ಬೆಳಗಿನ ಪ್ರಯಾಣದ ಲೆಕ್ಕದಲ್ಲಿ ಹತ್ತಿರಹತ್ತಿರ ಎರಡು ವಾರ.

ಇಂಥ ಪುಟ್ಟ ಪರದೆಯಲ್ಲಿ ದೊಡ್ಡ ಕಥೆ ಹೇಳುವ ಆಟ, ಅಂದರೆ ಪಾತ್ರವೊಂದನ್ನು ವಹಿಸಿಕೊಂಡು ಊರೂರು ಅಲೆದು, ಜನರನ್ನು ಮಾತನಾಡಿಸಿ, ಶಕ್ತಿ ಗಳಿಸಿಕೊಳ್ಳುತ್ತ ಸಾಗುವ ‘ಆರ್‌ಪಿಜಿ’, ಹೊಂದುತ್ತದೆಯೇ ಎಂಬ ಅನುಮಾನ ಆಗ ಸಹಜವಾಗಿತ್ತು. ಅದಕ್ಕೆ ಉತ್ತರವಾಗಿ ಸ್ಕ್ವೇರ್ ಕಂಪನಿಯ ಅಕಿತೋಶಿ ಕವಾಜು 1989ರ ಕೊನೆಯಲ್ಲಿ ‘ಸಾಗಾ’ ಮಾಡಿದರು. ಅಮೆರಿಕದಲ್ಲಿ ಅದನ್ನು ‘ಫೈನಲ್ ಫ್ಯಾಂಟಸಿ ಲೆಜೆಂಡ್’ ಎಂಬ ಹೆಸರಿನಲ್ಲಿ ಮಾರಿದರು. ಜಗತ್ತಿನ ನಡುವೆ ಸ್ವರ್ಗಕ್ಕೆ ಮುಟ್ಟುವ ಒಂದು ಗೋಪುರ, ಅದನ್ನು ಹತ್ತಬೇಕು, ಅಷ್ಟೇ ಕಥೆ. ಆಟದ ಅವಧಿಯನ್ನು ಅವರು ಆರರಿಂದ ಎಂಟು ಗಂಟೆಗೆ ಹೊಂದಿಸಿದ್ದರು; ಟೋಕಿಯೊದ ನರಿತಾದಿಂದ ಹೊನೊಲುಲುಗೆ ವಿಮಾನದಲ್ಲಿ ಹೋಗಲು ಹಿಡಿಯುವ ಹೊತ್ತು ಅದು. ಪ್ರಯಾಣಿಕನನ್ನು ಮನಸ್ಸಿನಲ್ಲಿಟ್ಟುಕೊಂಡು ಅಳೆದು ಮಾಡಿದ ಆಟವೆಂದು ತಿಳಿದಾಗ, ಹೊನೊಲುಲುವಿಗೆ ಹೋಗದ ನನಗೂ ಅದು ನನಗಾಗಿಯೇ ಮಾಡಿದ್ದೆನಿಸಿತು. ಎಲ್ಲಿ ಬೇಕಾದರೂ ಆಟವನ್ನು ಉಳಿಸಿ ನಿಲ್ಲಿಸಬಹುದು ಎಂಬುದು ಅದರ ಇನ್ನೊಂದು ಗುಣ. ಮನೆಯ ಟಿವಿಗೆ ಜೋಡಿಸುವ ಆಟಗಳಲ್ಲಿ ಆಗ ಉಳಿಸಲು ಸಾಮಾನ್ಯವಾಗಿ ರಾಜನ ಬಳಿಗೋ ಛತ್ರಕ್ಕೋ ಹಿಂದಿರುಗಬೇಕಿತ್ತು. ರೈಲಿನಲ್ಲಿ ಕೂತವನಿಗೆ ಅಷ್ಟು ಪುರುಸೊತ್ತೆಲ್ಲಿಯದು? (ಸಾಗಾದ ಕೊನೆಯಲ್ಲಿ ಎದುರಾಗುವ ಸೃಷ್ಟಿಕರ್ತನನ್ನು, ಪ್ರೋಗ್ರಾಂನ ಒಂದು ತಪ್ಪಿನಿಂದಾಗಿ, ಮರ ಕೊಯ್ಯುವ ಮೆಷಿನ್ ಗರಗಸದಿಂದ ಒಂದೇ ಏಟಿಗೆ ಮುಗಿಸಬಹುದು. ಯಾವ ಪುರಾಣದಲ್ಲೂ ದೇವರಿಗೆ ಇಂಥ ಗತಿ ಬಂದಿರಲಾರದು.)

ಆದರೆ ನನ್ನ ಉತ್ತರವನ್ನು ನನಗೇ ಕಲಿಸಿದ್ದು ಬೇರೊಂದು ಆಟ. 2003ರಲ್ಲಿ, ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ, ಸಿಂಗಪುರದಲ್ಲಿ ಕೆಲಸಕ್ಕಿದ್ದ ಭಾವ ರಜೆಗೆ ಬರುವಾಗ ಈ ಯಂತ್ರವನ್ನೂ ಎರಡು ಕ್ಯಾಟ್ರಿಡ್ಜ್‌ಗಳನ್ನೂ ತಂದುಕೊಟ್ಟರು. ಅವುಗಳಲ್ಲಿ ಒಂದು ‘ಜೆಲ್ಡಾ’ ಸರಣಿಯ ‘ಲಿಂಕ್ಸ್ ಅವೇಕನಿಂಗ್’. 1993ರಲ್ಲಿ ಬಂದ ಆಟಕ್ಕೆ 1998ರಲ್ಲಿ ಬಣ್ಣ ಹಚ್ಚಿದ ಆವೃತ್ತಿ. ಮೊದಲಿನ ಆಟದ ಒಟ್ಟು ಗಾತ್ರ 512 ಕಿಲೋಬೈಟ್. ಇಂದು ನಮ್ಮ ಫೋನು ಒಂದು ತಟ್ಟೆ ಇಡ್ಲಿಯ ಚಿತ್ರ ತೆಗೆದರೂ ಅದರ ಹಲವು ಪಟ್ಟು ಜಾಗ ಹಿಡಿಯುತ್ತದೆ. ಅಷ್ಟರೊಳಗೆ ಒಂದು ದ್ವೀಪ, ಒಂದು ಹಳ್ಳಿ, ಕಾಡು, ಮರುಭೂಮಿ, ಗವಿಗಳು, ಹಾಡುವ ಹುಡುಗಿ, ಮತ್ತು ಬೆಟ್ಟದ ನೆತ್ತಿಯಲ್ಲಿ ಒಂದು ಬೃಹತ್ ಮೊಟ್ಟೆ. ಹಡಗೊಡೆದು ಈ ದ್ವೀಪದ ದಡ ಸೇರಿದ ಲಿಂಕ್ ಎಂಬ ಹುಡುಗ ಎಂಟು ವಾದ್ಯಗಳನ್ನು ಕಲೆಹಾಕಿ, ಮೊಟ್ಟೆಯೊಳಗೆ ಮಲಗಿರುವ ಗಾಳಿಮೀನನ್ನು ಎಬ್ಬಿಸಿದರೆ ಮಾತ್ರ ಊರಿಗೆ ಮರಳಬಹುದು.

ಮುಂದಿನ ಸಂಗತಿ ಆಟದ ಗುಟ್ಟು. ಆಡುವ ಆಸೆಯಿರುವವರು ಈ ಪ್ಯಾರಾ ಬಿಡಬಹುದು. ಆರನೆಯ ವಾದ್ಯ ಹುಡುಕುವ ಹೊತ್ತಿಗೆ ಒಂದು ಪಾಳು ಗುಡಿಯ ಗೋಡೆಯ ಮೇಲೆ ಬರಹವೊಂದು ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಆ ಆಟವನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡೇ ಆಡುತ್ತಿದ್ದೆ. ಆ ಗೋಡೆಯ ‘ಇಲ್ಯೂಷನ್’ ಎಂಬ ಪದಕ್ಕೆ ಪುಟ ತಿರುಗಿಸಿ ನೋಡಿದರೆ, ‘ಭ್ರಮೆ, ಮಾಯೆ’ ಎಂದಿತ್ತು. ಮಾಯೆ ಎಂಬುದು ರಾಮನವಮಿಯ ಹರಿಕಥೆಗಳಲ್ಲಿ ಕೇಳಿ ಕೇಳಿ ಕಿವಿಯ ಮೇಲೆ ಹಾದುಹೋಗುತ್ತಿದ್ದ ಮಾತು. ಆ ರಾತ್ರಿ ಮೊದಲ ಬಾರಿಗೆ ಅದು ಎದೆಗೆ ತಾಗಿತು. ಇಡೀ ದ್ವೀಪ ಆ ಮೀನಿನ ಕನಸು. ಅದು ಎಚ್ಚರಗೊಂಡರೆ ದ್ವೀಪವೂ ಇಲ್ಲ, ಹಾಡುವ ಹುಡುಗಿಯೂ ಇಲ್ಲ. ನಾನು ಯಾವುದಕ್ಕಾಗಿ ವಾದ್ಯ ಕೂಡಿಸುತ್ತಿದ್ದೆನೋ ಅದೇ ಅವರೆಲ್ಲರ ಕೊನೆ. ಎರಡು ವಾರ ಆ ಯಂತ್ರವನ್ನು ಮುಟ್ಟಲಿಲ್ಲ. ಆಮೇಲೆ ಮುಗಿಸಿದೆ. ಮುಗಿಯುವುದನ್ನೇ ಕಥೆಯ ವಸ್ತುವಾಗಿ ಇಟ್ಟುಕೊಂಡ ಆಟವನ್ನು, ಮುಗಿಯದಂತೆ ಕಟ್ಟುವ ಅಂಗಡಿಯವನು ಮಾಡಲಾರ.

ಭಾವ ತಂದ ಇನ್ನೊಂದು ಕ್ಯಾಟ್ರಿಡ್ಜ್ ಕ್ಯಾಮೆಲಾಟ್ ಕಂಪನಿಯ ‘ಗೋಲ್ಡನ್ ಸನ್’, 2001ರದ್ದು. ನನ್ನ ವಾದಕ್ಕೆ ಇದು ಸ್ವಲ್ಪ ತೊಡಕು, ಏಕೆಂದರೆ ಅದರ ಕಥೆ ಅರ್ಧದಲ್ಲಿ ನಿಲ್ಲುತ್ತದೆ. ಉಳಿದರ್ಧ 2002ರ ‘ದ ಲಾಸ್ಟ್ ಏಜ್’ನಲ್ಲಿದೆ. ಮೊದಲ ಆಟದಲ್ಲಿ ಬೆಳೆಸಿದ ಪಾತ್ರಗಳನ್ನು ಅವರ ಸರಂಜಾಮು ಸಮೇತ ಎರಡನೆಯದಕ್ಕೆ ಸಾಗಿಸಬೇಕೆಂದರೆ ಎರಡು ಯಂತ್ರಗಳನ್ನು ಕೇಬಲ್‌ನಿಂದ ಜೋಡಿಸಬೇಕು, ಇಲ್ಲವೇ 260 ಅಕ್ಷರಗಳ ಪಾಸ್‌ವರ್ಡ್ ಬರೆದುಕೊಳ್ಳಬೇಕು. ನನ್ನ ಬಳಿ ಇದ್ದದ್ದು ಒಂದೇ ಯಂತ್ರ. ಕಾಲೇಜಿನ ರೆಕಾರ್ಡ್ ಪುಸ್ತಕದ ಕೊನೆಯ ಹಾಳೆಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆಗಳನ್ನೆಲ್ಲ ಹತ್ತತ್ತರ ಸಾಲುಗಳಾಗಿ ಬರೆದೆ. ಎರಡನೆಯ ಆಟ ಕೈಗೆ ಬರಲು ವರ್ಷ ಹಿಡಿಯಿತು. ಅಷ್ಟನ್ನೂ ಒತ್ತಿ ಮುಗಿಸಿದಾಗ ಯಂತ್ರ ಒಪ್ಪಲಿಲ್ಲ. ನನ್ನ ಕೈಬರಹದಲ್ಲಿ ದೊಡ್ಡ ‘ಸಿ’ಗೂ ಚಿಕ್ಕ ‘ಸಿ’ಗೂ ಅಂತರವಿಲ್ಲದಿದ್ದುದೇ ಕಾರಣವೆಂದು ಗೊತ್ತಾಗುವಷ್ಟರಲ್ಲಿ ಒಂದು ಭಾನುವಾರ ಕಳೆದಿತ್ತು.

ನೆನಪಿಗೆ ಬಂದದ್ದರಿಂದ ಹೇಳುತ್ತೇನೆ: ಹಿದೆಯೊ ಕೊಜಿಮಾ ರೂಪಿಸಿದ ‘ಬೊಕ್ಟಾಯ್’ ಎಂಬ 2003ರ ಆಟದ ಕ್ಯಾಟ್ರಿಡ್ಜ್‌ನಲ್ಲಿಯೇ ಬಿಸಿಲು ಅಳೆಯುವ ಸೆನ್ಸರ್ ಇದೆ. ನಾಯಕನ ಬಂದೂಕಿಗೆ ಗುಂಡಿನ ಬದಲು ಸೂರ್ಯನ ಬೆಳಕು ತುಂಬಬೇಕು. ಅದಕ್ಕಾಗಿ ಏಪ್ರಿಲ್ ತಿಂಗಳಲ್ಲಿ ತಾರಸಿ ಹತ್ತಿ ಕೂತರೆ, ಸಂಡಿಗೆ ಒಣಹಾಕಲು ಬಂದ ಅಮ್ಮ, “ಹೆಂಗೂ ಕೂತಿದೀಯಲ್ಲ, ಕಾಗೆ ಬಂದ್ರೆ ಓಡ್ಸು” ಎಂದು ಕೋಲೊಂದನ್ನು ಪಕ್ಕಕ್ಕಿಟ್ಟು ಹೋದರು. ರಕ್ತಪಿಶಾಚಿಗಳೂ ಕಾಗೆಗಳೂ ಒಟ್ಟಿಗೆ ಬಂದಾಗ ನಾನು ಯಾರನ್ನು ಬಿಟ್ಟೆನೆಂಬುದು ಆ ವರ್ಷದ ಸಂಡಿಗೆ ಡಬ್ಬಿ ನೋಡಿದವರಿಗೆ ಗೊತ್ತು.

ಪೋಕೆಮಾನ್ ಬಗ್ಗೆ ಬರೆಯದಿದ್ದರೆ ಕೆಲವರಿಗೆ ಸಮಾಧಾನವಾಗುವುದಿಲ್ಲ. 1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಬಂದ, ವಿಚಿತ್ರ ಜೀವಿಗಳನ್ನು ಹಿಡಿದು ಕೂಡಿಡುವ ‘ರೆಡ್’ ಮತ್ತು ‘ಗ್ರೀನ್’ ಆಟಗಳ ಹಿಂದೆ, ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುತ್ತಿದ್ದ ಸತೋಶಿ ತಾಜಿರಿ ಅವರ ಆರು ವರ್ಷಗಳ ದುಡಿಮೆಯಿದೆ. ಎಲ್ಲ ಮುಗಿದ ಮೇಲೆ ಪರೀಕ್ಷೆಗಾಗಿ ಇಟ್ಟಿದ್ದ ಭಾಗವನ್ನು ತೆಗೆದಾಗ ಸುಮಾರು 300 ಬೈಟ್ ಖಾಲಿ ಉಳಿಯಿತು. ಅಷ್ಟರಲ್ಲಿಯೇ ಶಿಗೆಕಿ ಮೊರಿಮೊಟೊ ಎಂಬ ಪ್ರೋಗ್ರಾಮರ್ 151ನೆಯ ಜೀವಿ ‘ಮ್ಯೂ’ವನ್ನು ಸೇರಿಸಿಬಿಟ್ಟರು. ಕಂಪ್ಯೂಟರಿನ ಅಕ್ಷರ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತವೂ ಸಾಮಾನ್ಯವಾಗಿ ಮೂರು ಬೈಟ್ ಹಿಡಿಯುವುದರಿಂದ, ಕಾಗುಣಿತ, ಒತ್ತುಗಳೆಲ್ಲ ಸೇರಿ ನೂರು ಕನ್ನಡ ಸಂಕೇತಗಳ ಜಾಗ ಅದು. ಈ ಪ್ಯಾರಾದ ಮೊದಲೆರಡು ವಾಕ್ಯಕ್ಕೂ ಸಾಲದು.

ಮುಗಿಯುತ್ತವೆ ಎಂದೆನಲ್ಲ, ಕೆಲವೊಮ್ಮೆ ಹೇಳದೆ ಕೇಳದೆಯೂ ಮುಗಿಯುತ್ತವೆ. ಗೇಮ್ ಬಾಯ್ ಕಾಲದ ಹಲವು ಕ್ಯಾಟ್ರಿಡ್ಜ್‌ಗಳಲ್ಲಿ ನಾವು ಉಳಿಸಿದ ಆಟವನ್ನು ಕಾಯುವುದು ಒಳಗಿನ ಒಂದು ಬಿಲ್ಲೆ ಶೆಲ್. 1999ರ ‘ಪೋಕೆಮಾನ್ ಗೋಲ್ಡ್’ ಹಗಲುರಾತ್ರಿಯ ಗಡಿಯಾರವನ್ನೂ ಅದೇ ಶೆಲ್‌ನಿಂದ ನಡೆಸುವುದರಿಂದ ಅದರ ಆಯಸ್ಸು ಇನ್ನೂ ಕಡಿಮೆ. ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡಿದ್ದ ನನ್ನ ಪ್ರತಿಯಲ್ಲಿ 87 ಗಂಟೆಯ ಆಟವಿತ್ತು. ಒಂದು ಬೆಳಗ್ಗೆ ಹಿರೇಹಳ್ಳಿ ಹತ್ತಿರ ಸ್ವಿಚ್ ಒತ್ತಿದರೆ ‘ಮುಂದುವರಿಸು’ ಎಂಬ ಸಾಲೇ ಇಲ್ಲ, ‘ಹೊಸ ಆಟ’ ಮಾತ್ರ. ತುಮಕೂರಿನ ಎಂ.ಜಿ. ರಸ್ತೆಯ ಬದಿಯ ಮೊಬೈಲ್ ರಿಪೇರಿ ಅಂಗಡಿಗೆ ಒಯ್ದೆ. ಅದರ ಸ್ಕ್ರೂಗೆ ಸಾಮಾನ್ಯ ಸ್ಕ್ರೂಡ್ರೈವರ್ ಕೂರುವುದಿಲ್ಲ, 3.8 ಮಿಲಿಮೀಟರಿನ ಬೇರೆಯೇ ಮೂತಿ ಬೇಕು. ಅದನ್ನು ನಾನೇ ಒಯ್ದಿದ್ದೆ. ಅಂಗಡಿಯ ಹುಡುಗ ತೆರೆದು ನೋಡಿ, “ಅಣ್ಣ, ಇದ್ರಲ್ಲಿ ಸಿಮ್ ಎಲ್ಲಿ ಹಾಕ್ತಾರೆ?” ಎಂದ. ನಕ್ಕೆ, ಆದರೆ ಕೆಲಸದಲ್ಲಿ ಅವನು ನನಗಿಂತ ಜಾಣ. ಸಿಆರ್ 2025 ಎಂಬ ಮಾಮೂಲಿ ಬಿಲ್ಲೆ ಶೆಲ್ ಕೊಟ್ಟರೆ ಪಕ್ಕಕ್ಕೆ ಸರಿಸಿ, “ನೇರ ಕಾವು ಕೊಟ್ರೆ ಸಿಡಿಯುತ್ತೆ, ಕಾಲಿರೋದು ತನ್ನಿ” ಎಂದು ವಾಪಸು ಕಳುಹಿಸಿದ. ತಗಡಿನ ಕಾಲುಗಳಿರುವ ಶೆಲ್ ತಂದ ದಿನ ಎರಡು ನಿಮಿಷದಲ್ಲಿ ಬೆಸುಗೆ ಮುಗಿಸಿ, ಶೆಲ್‌ನ ಬೆನ್ನಿಗೆ ಮಾರ್ಕರ್‌ನಿಂದ ತಿಂಗಳು, ಇಸವಿ ಬರೆದುಕೊಟ್ಟ. 87 ಗಂಟೆಗಳು ಮಾತ್ರ ವಾಪಸು ಬರಲಿಲ್ಲ.

ಎಲ್ಲ ಹಳೆಯ ಆಟಗಳೂ ಚಿನ್ನವೆಂದು ನಾನು ಹೇಳುತ್ತಿಲ್ಲ. ನಾಲ್ಕು ಹೆಜ್ಜೆಗೊಂದು ಕಾಳಗ ಬಂದು ಬೇಸರ ಹುಟ್ಟಿಸುವವು ಎಷ್ಟೋ ಇವೆ. ಸಾಗಾದಲ್ಲಿ ನಾಲ್ಕು ಕಾಸು ಕೂಡಿಸಿ ಕೊಂಡ ಕತ್ತಿ ಬಳಸಿ ಬಳಸಿ ಮುರಿದೇ ಹೋಗುತ್ತದೆ, ಅದನ್ನು ಸಹಿಸಲು ತಾಳ್ಮೆ ಬೇಕು. ಫೋನನ್ನು ಬಿಡಲೇಬೇಕೆಂದೂ ಇಲ್ಲ. ಮೊದಲ ಮೂರು ಸಾಗಾಗಳು ಈಗ ಫೋನಿಗೇ ಸಿಗುತ್ತವೆ, ಲಿಂಕ್ ಕಥೆ 2019ರಲ್ಲಿ ಹೊಸ ರೂಪದಲ್ಲಿ ನಿಂಟೆಂಡೊದ ಇನ್ನೊಂದು ಯಂತ್ರವಾದ ಸ್ವಿಚ್‌ಗೆ ಬಂದಿದೆ. ಕ್ಯಾಟ್ರಿಡ್ಜನ್ನೇ ಕೊಳ್ಳುವವರು ಮಾತ್ರ ಎಚ್ಚರದಿಂದಿರಿ. ನಕಲಿಗಳು ಬೇಕಾದಷ್ಟಿವೆ, ಅವುಗಳಲ್ಲಿ ಆಟ ಉಳಿಯುವ ನೆಚ್ಚಿಕೆಯಿಲ್ಲ. ಅಸಲಿ ಅಡ್ವಾನ್ಸ್ ಕ್ಯಾಟ್ರಿಡ್ಜ್‌ನ ಚೀಟಿಯನ್ನು ಬೆಳಕಿಗೆ ಓರೆ ಹಿಡಿದರೆ, ಅಚ್ಚೊತ್ತಿದ ಎರಡಂಕಿಯ ಸಂಖ್ಯೆಯೊಂದು ಸಾಮಾನ್ಯವಾಗಿ ಕಾಣುತ್ತದೆ.

ಮೊದಲು ಯಾವುದನ್ನು ಆಡಬೇಕು ಎಂದು ಕೇಳಿದರೆ ನನ್ನ ಉತ್ತರ ಲಿಂಕ್ಸ್ ಅವೇಕನಿಂಗ್, ಜೊತೆಗೊಂದು ನೋಟ್‌ಪುಸ್ತಕ. ನನ್ನನ್ನು ಪ್ರಶ್ನೆ ಕೇಳಿದ ಆ ಇಸ್ಪೀಟಿನ ಹಿರಿಯರಿಗೂ ಅದನ್ನೇ ಕೊಟ್ಟೆ. ಆ ಆಟದಲ್ಲಿ ಮೂವರು ತಂತಮ್ಮ ಆಟವನ್ನು ಬೇರೆಬೇರೆಯಾಗಿ ಉಳಿಸಿಕೊಳ್ಳಲು ಜಾಗವಿದೆ, ಹೆಸರಿಗೆ ಐದೇ ಅಕ್ಷರ. “ನಮ್ಮ ಹೆಸರು ಹಿಡಿಯಲ್ವಲ್ಲ ಸಾರ್” ಎಂದು ಕೊನೆಗೆ ಇಂಗ್ಲಿಷಿನಲ್ಲಿ ‘ಅಜ್ಜ’ ಎಂದು ಬರೆಸಿಕೊಂಡರು. ಮೊದಲ ದಿನ ಸಮುದ್ರದ ದಡದಲ್ಲಿ ಕತ್ತಿ ಸಿಗುವ ಮೊದಲೇ ಎರಡು ಸಲ ಸತ್ತು ಯಂತ್ರವನ್ನು ನನ್ನ ಕೈಗಿಟ್ಟರು. ಮರುದಿನ ಬೆಳಗ್ಗೆ ರೈಲು ಹೊರಡುವ ಮೊದಲೇ ಬಂದು ಪಕ್ಕ ಕೂತು, “ನಿನ್ನೆ ಅಲ್ಲೇ ನಿಲ್ಸಿದ್ನಲ್ಲ, ಹಂಗೇ ಇದೆಯಾ?” ಎಂದರು. ಹಾಗೆಯೇ ಇತ್ತು. ಈಗ ಎರಡು ವಾರದಿಂದ ಅವರು ಕಾಡಿನಲ್ಲಿ ದಾರಿ ತಪ್ಪಿಸುವ ರಕೂನ್ ಎಂಬ ಪ್ರಾಣಿಯ ಕೈಗೆ ಸಿಕ್ಕಿ ಸುತ್ತುತ್ತಿದ್ದಾರೆ. ಅದಕ್ಕೆ ಮದ್ದು ಒಂದು ಅಣಬೆಯಲ್ಲಿದೆ. ನಾನು ಹೇಳಿಲ್ಲ, ಅವರೂ ಕೇಳಿಲ್ಲ.